ಎಲ್ಲರೂ ಗುಣಮುಖ ಎಂದು ಬರೆದಿದ್ದೆವು

'ಪರಿಸ್ಥಿತಿ ಹತೋಟಿಯಲ್ಲಿ, ಎಲ್ಲರೂ ಗುಣಮುಖ.'

ಆ ಊರಿನ ಬಗ್ಗೆ ನಾವು ಬರೆದ ಕೊನೆಯ ಸುದ್ದಿಯ ತಲೆಬರಹ ಇದು. ಆಗ ನಾವು ನಾಲ್ವರೂ ಇನ್ನೂ ಪತ್ರಿಕೋದ್ಯಮ ಓದುತ್ತಿದ್ದೆವು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮೂರನೇ ದಿನ ಅಲ್ಲಿ ವಾಂತಿ-ಭೇದಿ ಶುರುವಾಗಿತ್ತು. ಚರಂಡಿಯೊಳಗೆ ಹಾದು ಹೋಗಿದ್ದ ನೀರಿನ ಪೈಪು ಒಡೆದಿತ್ತು. ಶಾಲೆಯ ವರಾಂಡದಲ್ಲಿ ಜನರನ್ನು ಸಾಲಾಗಿ ಮಲಗಿಸಿ, ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟಿದ್ದರು. ನಾವು ಬಾಟಲಿ ಎಣಿಸಿದೆವು, ಫೋಟೊ ತೆಗೆದೆವು, ನೀರುಗಂಟಿಯನ್ನು ಮಾತಾಡಿಸಿದೆವು, ಪಿಡಿಒ ಹೇಳಿದ್ದನ್ನು ಬರೆದುಕೊಂಡೆವು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ನಾಲ್ಕನೇ ದಿನ ವರಾಂಡ ಖಾಲಿಯಾಯಿತು. ಐದನೇ ದಿನ ನಾವು ಬಸ್ಸು ಹತ್ತಿದೆವು.

ಆಮೇಲೆ ಆ ಊರಿಗೆ ವರದಿಗಾರರಾಗಿ ಹೋಗಲೇ ಇಲ್ಲ.

ನಮ್ಮಲ್ಲಿ ಒಬ್ಬನಿಗೆ ಅದು ಸ್ವಂತ ಊರು. ಅವನ ದೊಡ್ಡವ್ವನೂ ಆ ವರಾಂಡದಲ್ಲಿ ಎರಡು ರಾತ್ರಿ ಮಲಗಿದ್ದಳು. ನಾಲ್ವರೂ ಅವಳ ಕೈ ರೊಟ್ಟಿ ತಿಂದವರೇ, ಹಾಗಾಗಿ ಎಲ್ಲರಿಗೂ ಅವಳು ದೊಡ್ಡವ್ವನೇ. ಎರಡು ವರ್ಷ ಕಳೆದ ಮೇಲೆ ಪಕ್ಕದ ತಾಲ್ಲೂಕಿನಲ್ಲಿ ಅವಳ ಮೊಮ್ಮಗಳ ತೊಟ್ಟಿಲು ಕಾರ್ಯ ಇತ್ತು. ದೊಡ್ಡವ್ವ ಬರಲಿಲ್ಲ. ಮೊದಲಾದರೆ ಹಿಂದಿನ ದಿನವೇ ಬಂದು ಒಲೆ ಮುಂದೆ ಕೂರುವವಳು. ಕಾರ್ಯ ಮುಗಿಸಿ ಊಟದ ಡಬ್ಬಿ ಹಿಡಿದು ನಾವೇ ಅವಳ ಮನೆಗೆ ಹೋದೆವು.

"ಬಸ್ಸಿನ್ಯಾಗ ಹೊಟ್ಟಿ ಕೈ ಕೊಟ್ರ ನಾ ಎಲ್ಲಿಗೆ ಹೋಗ್ಲೆಪಾ? ನೀವು ಗಂಡಸರು, ಎಲ್ಲೆರ ಇಳಿದು ಬರ್ತೀರಿ" ಅಂದಳು.

ಆವತ್ತು ಗೊತ್ತಾಯಿತು. ಭೇದಿ ನಿಂತಿತ್ತು, ಹೊಟ್ಟೆ ಮಾತ್ರ ಮೊದಲಿನಂತೆ ಆಗಿರಲಿಲ್ಲ. ಒಂದು ವಾರ ಬಿಗಿದುಕೊಳ್ಳುವುದು, ಮರುವಾರ ಉಂಡ ಕೂಡಲೇ ಓಡುವುದು. ಹುಟ್ಟಿದಾಗಿನಿಂದ ತಿಂದ ಗೋಧಿ ಹುಗ್ಗಿ ಈಗ ಆಗುವುದಿಲ್ಲ, ಹಾಲು ಆಗುವುದಿಲ್ಲ. ನಿದ್ದೆ ಕಡಿಮೆ. ಜಾತ್ರೆಗೆ, ಸಂತೆಗೆ, ಸಂಘದ ಸಭೆಗೆ ಹೋಗುವುದನ್ನು ಒಂದೊಂದಾಗಿ ಬಿಟ್ಟಿದ್ದಳು. ಹೊರಗೆ ಹೊರಡಬೇಕೆಂದರೆ ಎದೆ ಡವಡವ. ಎದೆ ಹೊಡೆದುಕೊಂಡರೆ ಹೊಟ್ಟೆ ತಿರುಚುವುದು. ಹೊಟ್ಟೆ ತಿರುಚಿದರೆ ಎದೆ ಇನ್ನೂ ಜೋರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವಳಿಗೇ ತಿಳಿಯದು.

ಊರಿನವರು ಎರಡು ಮಾತು ಆಡಿದ್ದರು. ಕೆಲವರು ಗಾಳಿ ಸೋಕಿದೆ ಅಂದರು. ಕೆಲವರು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅಂದರು.

ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಆಸ್ಪತ್ರೆ ಕಾಗದಗಳಿದ್ದವು. ನೆಲದ ಮೇಲೆ ಹರವಿ ಕೂತೆವು. ಹೊಟ್ಟೆಯ ಸ್ಕ್ಯಾನಿಂಗ್, ಎಂಡೋಸ್ಕೋಪಿ, ರಕ್ತ, ಎಲ್ಲ ನಾರ್ಮಲ್. ಎದೆ ಹೊಡೆದುಕೊಳ್ಳುತ್ತದೆಂದು ಮಾಡಿಸಿದ ಇಸಿಜಿಯೂ ನಾರ್ಮಲ್. ಜಂತುಹುಳದ ಗುಳಿಗೆ, ಗ್ಯಾಸಿನ ಗುಳಿಗೆ, ಟಾನಿಕ್ಕು. ಬೇರೆ ಬೇರೆ ಊರಿನ, ಬೇರೆ ಬೇರೆ ವೈದ್ಯರ ಚೀಟಿ. ಒಬ್ಬರ ಚೀಟಿ ಇನ್ನೊಬ್ಬರು ನೋಡಿದ ಗುರುತು ಎಲ್ಲೂ ಇರಲಿಲ್ಲ. ವಾಂತಿ-ಭೇದಿ ಬಂದಿತ್ತು ಎಂಬುದು ಒಂದೇ ಒಂದು ಚೀಟಿಯಲ್ಲೂ ಬರೆದಿರಲಿಲ್ಲ.

ಅವಳು ಕೇಳಿದ ಪ್ರಶ್ನೆ ಇದು: "ಎಲ್ಲಾ ನಾರ್ಮಲ್ ಅಂತ ಬಂದೈತಿ. ಹಂಗಾರ ನಾನ ಸುಳ್ಳು ಹೇಳಾಕತ್ತೀನೇನು?"

ಚೀಟಿಗಳ ನಡುವೆ ಒಂದು ಗುಳಿಗೆಯ ಪಟ್ಟಿ ಸಿಕ್ಕಿತು. ಎರಡು ಗುಳಿಗೆ ನುಂಗಿ ಉಳಿದದ್ದನ್ನು ಹಾಗೇ ಇಟ್ಟಿದ್ದಳು. ಯಾಕೆಂದು ಕೇಳಿದರೆ, ಔಷಧ ಅಂಗಡಿಯ ಹುಡುಗ "ಇದು ತಲಿ ಕೆಟ್ಟೋರಿಗೆ ಕೊಡೂ ಗುಳಿಗಿ" ಅಂದನಂತೆ. ಬರೆದುಕೊಟ್ಟ ವೈದ್ಯರು ಯಾಕೆ ಬರೆದೆ ಎಂದು ಹೇಳಿರಲಿಲ್ಲ. ಅಂಗಡಿಯವನು ತನಗೆ ಗೊತ್ತಿದ್ದಷ್ಟು ಹೇಳಿದ. ದೊಡ್ಡವ್ವ ಅವಮಾನ ನುಂಗಿ, ಗುಳಿಗೆ ನುಂಗುವುದನ್ನು ಬಿಟ್ಟಳು.

ಒಮ್ಮೆ ಬಂದು ಹೋದ ಭೇದಿ ಎರಡು ವರ್ಷ ಕಾಡೀತೇ? ವರದಿಗಾರರಾಗಿ ನಾವು ಅಂದೇ ಕೇಳಬೇಕಿದ್ದ ಪ್ರಶ್ನೆ ಇದು. ತಡವಾಗಿ ಹುಡುಕಲು ಕೂತೆವು. ಉತ್ತರ ಸಿಕ್ಕಿದ್ದು ಕೆನಡಾದ ಒಂದು ಸಣ್ಣ ಊರಿನಲ್ಲಿ.

ಊರಿನ ಹೆಸರು ವಾಕರ್ಟನ್. ಆಂಟಾರಿಯೋ ಪ್ರಾಂತ್ಯದ ರೈತಾಪಿ ಪ್ರದೇಶ, ಸುತ್ತ ಹೊಲ, ದನ. ಆಗಿನ ಜನಸಂಖ್ಯೆ ಸುಮಾರು 4,800. 2000ದ ಮೇ ತಿಂಗಳಲ್ಲಿ ಅಲ್ಲಿ ಜೋರು ಮಳೆಯಾಯಿತು. ಹೊಲಕ್ಕೆ ಹಾಕಿದ್ದ ದನದ ಗೊಬ್ಬರದ ಕಸರು ನೀರಿನೊಂದಿಗೆ ಇಳಿದು, ಊರಿಗೆ ನೀರು ಕೊಡುವ ಆಳವಿಲ್ಲದ ಒಂದು ಬಾವಿಗೆ ಸೇರಿತು. ಅದು 5ನೇ ನಂಬರಿನ ಬಾವಿ. ಹಾಕಬೇಕಾದಷ್ಟು ಕ್ಲೋರಿನ್ ಹಾಕಿರಲಿಲ್ಲ, ಹಾಕಿದ್ದೇವೆ ಎಂದು ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೆದಿತ್ತು. ನೀರು ಕೆಟ್ಟಿದೆ ಎಂದು ಪ್ರಯೋಗಾಲಯದಿಂದ ವರದಿ ಬಂದ ಮೇಲೂ ನೀರು ಸರಬರಾಜಿನ ಹೊಣೆ ಹೊತ್ತವರು ಆರೋಗ್ಯ ಇಲಾಖೆಗೆ 'ನೀರು ಸರಿಯಿದೆ' ಎಂದೇ ಹೇಳಿದರು. ಓದುವಾಗ ನಮಗೆ ಇದು ಪರದೇಶ ಅನ್ನಿಸಲಿಲ್ಲ.

ಇ-ಕೊಲೈ ಮತ್ತು ಕ್ಯಾಂಪೈಲೊಬ್ಯಾಕ್ಟರ್ ಎಂಬ ಎರಡು ಬಗೆಯ ರೋಗಾಣುಗಳು ಆ ನೀರಿನಲ್ಲಿದ್ದವು. 2,300ಕ್ಕೂ ಹೆಚ್ಚು ಜನ ಮಲಗಿದರು. ಏಳು ಮಂದಿ ಸತ್ತರು. ನ್ಯಾಯಮೂರ್ತಿ ಡೆನ್ನಿಸ್ ಓಕಾನರ್ ವಿಚಾರಣೆ ನಡೆಸಿದರು, 2002ರಲ್ಲಿ ವರದಿ ಕೊಟ್ಟರು. ಗೊಬ್ಬರ ಹಾಕಿದ ರೈತನದು ತಪ್ಪಿಲ್ಲ ಎಂದೂ ಅದರಲ್ಲಿ ಹೇಳಿದರು.

ನಮ್ಮಂಥವರ ಸುದ್ದಿ ಇಲ್ಲಿಗೆ ಮುಗಿಯುತ್ತದೆ. ಸಾವಿನ ಲೆಕ್ಕ ಬಂತು, ತಪ್ಪಿತಸ್ಥರು ಯಾರೆಂದು ಗೊತ್ತಾಯಿತು, ವರದಿ ಬಂತು. ಆದರೆ ಅಲ್ಲಿ ಮುಗಿಸಲಿಲ್ಲ. ಪ್ರಾಂತ್ಯದ ಸರ್ಕಾರ ದುಡ್ಡು ಕೊಟ್ಟು ವಾಕರ್ಟನ್ ಆರೋಗ್ಯ ಅಧ್ಯಯನ ಎಂಬುದನ್ನು 2002ರಲ್ಲಿ ಶುರು ಮಾಡಿಸಿತು. ಕಾಯಿಲೆ ಬಿದ್ದವರು, ಬೀಳದವರು, ಇಬ್ಬರ ಹೆಸರನ್ನೂ ಬರೆದುಕೊಂಡರು. ವರ್ಷಕ್ಕೊಮ್ಮೆ ಕರೆದು ತಪಾಸಣೆ ಮಾಡಿದರು.

ಆ ಅಧ್ಯಯನದ ಮುಂದಾಳು ವಿಲಿಯಂ ಕ್ಲಾರ್ಕ್, ಮೂತ್ರಪಿಂಡದ ವೈದ್ಯರು. ಈ ಜಾತಿಯ ಇ-ಕೊಲೈ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಮುಂದೆ ರಕ್ತದೊತ್ತಡ ಬಂದೀತೇ, ಕಿಡ್ನಿ ಸೋತೀತೇ ಎಂಬ ಚಿಂತೆ ಇತ್ತು. ಆದರೆ ಊರಿನ ಜನ ಇನ್ನೊಂದು ದೂರನ್ನೂ ಹೇಳುತ್ತಿದ್ದರು. ಹೊಟ್ಟೆ ಮೊದಲಿನಂತಿಲ್ಲ ಎನ್ನುತ್ತಿದ್ದರು. ಆಗ ಹ್ಯಾಮಿಲ್ಟನ್ ಪಟ್ಟಣದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಹೊಟ್ಟೆ ತಜ್ಞರು, ಜಾನ್ ಮಾರ್ಷಲ್ ಮತ್ತು ಸ್ಟೀಫನ್ ಕಾಲಿನ್ಸ್ ಮುಂತಾದವರು, ಅದೇ ಪಟ್ಟಿಯ ಜನರನ್ನು ಹೊಟ್ಟೆಯ ಪ್ರಶ್ನೆಗಳೊಂದಿಗೆ ಮಾತಾಡಿಸಿದರು.

ಮೊದಲೇ ಹೊಟ್ಟೆ ತೊಂದರೆ ಇದ್ದವರನ್ನು ಬಿಟ್ಟು 2,069 ಮಂದಿಯ ಲೆಕ್ಕ ತೆಗೆದರು. ಅದು 2006ರಲ್ಲಿ ಪ್ರಕಟವಾಯಿತು. ಆ ನೀರಿನಿಂದ ಕಾಯಿಲೆ ಬಿದ್ದದ್ದಕ್ಕೆ ವೈದ್ಯಕೀಯ ಆಧಾರವಿದ್ದವರಲ್ಲಿ ನೂರಕ್ಕೆ 36 ಮಂದಿಗೆ ಎರಡು ಮೂರು ವರ್ಷದ ನಂತರವೂ ದೊಡ್ಡವ್ವನಂಥದೇ ತೊಂದರೆ ಇತ್ತು. ಕಾಯಿಲೆ ಬೀಳದವರಲ್ಲಿ ಅದು ನೂರಕ್ಕೆ 10. ಎಂಟು ವರ್ಷದ ಮೇಲೆ ಮತ್ತೆ ನೋಡಿದಾಗ ಬಹಳ ಜನ ಸುಧಾರಿಸಿದ್ದರು. ಆದರೂ ನೂರಕ್ಕೆ ಸುಮಾರು 15 ಮಂದಿಗೆ ತೊಂದರೆ ಉಳಿದೇ ಇತ್ತು.

ಈ ತೊಂದರೆಗೆ ವೈದ್ಯರು ಐಬಿಎಸ್ ಅನ್ನುತ್ತಾರೆ. ಕೆರಳಿದ ಕರುಳು ಎಂದು ತಿಳಿದುಕೊಳ್ಳಿ. ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ, ಸ್ಕ್ಯಾನಿಂಗಿನಲ್ಲಿ ಏನೂ ಕಾಣದು. ಆದರೆ ಕರುಳು ನಡೆದುಕೊಳ್ಳುವ ರೀತಿ ಕೆಟ್ಟಿರುತ್ತದೆ. ಸೋಂಕು ಬಂದು ಹೋದ ಮೇಲೆ ಶುರುವಾದರೆ ಸೋಂಕಿನ ನಂತರದ ಐಬಿಎಸ್. ಹೆಂಗಸರಲ್ಲಿ, ಸಣ್ಣ ವಯಸ್ಸಿನವರಲ್ಲಿ, ಭೇದಿ ಬಹಳ ದಿನ ಎಳೆದವರಲ್ಲಿ ಇದು ಹೆಚ್ಚೆಂದು ವಾಕರ್ಟನ್ನಿನಲ್ಲಿ ಕಂಡಿತು. ಮೊದಲೇ ಆತಂಕ ಅಥವಾ ಖಿನ್ನತೆ ಇದ್ದವರಲ್ಲಿ ಎಂಟು ವರ್ಷದ ಮೇಲೂ ಉಳಿಯುವ ಸಾಧ್ಯತೆ ಹೆಚ್ಚೆಂದೂ ಕಂಡಿತು.

ಇಲ್ಲಿ ನಾವು ಸ್ವಲ್ಪ ನಿಂತೆವು. ಹಾಗಾದರೆ ಊರಿನವರು ಹೇಳಿದ್ದೇ ಸರಿಯೇ, ಮನಸ್ಸಿಗೆ ಹಚ್ಚಿಕೊಂಡದ್ದೇ? ಅಷ್ಟೇ ಅಲ್ಲ. ಅದೇ ಜನರಿಂದ ಇನ್ನೆರಡು ಸಾಕ್ಷಿ ಬಂದವು.

ಒಂದು, ಎರಡು ಬಗೆಯ ಸಕ್ಕರೆ ಕರಗಿಸಿದ ನೀರು ಕುಡಿಸಿ, ಮೂತ್ರದಲ್ಲಿ ಯಾವುದು ಎಷ್ಟು ಬಂತೆಂದು ಅಳೆದರು. ಗಟ್ಟಿ ಕರುಳಿನಲ್ಲಿ ದೊಡ್ಡ ಸಕ್ಕರೆ ಕಣ ಒಳಗೆ ನುಸುಳುವುದು ಕಷ್ಟ. ಐಬಿಎಸ್ ಇದ್ದವರಲ್ಲಿ ಅದು ತುಸು ಹೆಚ್ಚು ನುಸುಳಿತ್ತು. ಅಂದರೆ ಕರುಳಿನ ಒಳಗೋಡೆಯಲ್ಲಿ ಸಂದು ಬಿಟ್ಟಿತ್ತು. ಎರಡು, ಅವರ ಜೀನುಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಈ ತೊಂದರೆಯ ಜೊತೆ ನಂಟಿರುವ ಮೂರು ಜೀನು ಸಿಕ್ಕವು. ಒಂದು ರೋಗಾಣುವನ್ನು ಗುರುತು ಹಿಡಿಯುವ ಕೆಲಸದ್ದು, ಒಂದು ಉರಿಯೂತದ ಸಂದೇಶದ್ದು, ಒಂದು ಕರುಳಗೋಡೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವಂಥದ್ದು.

ಹೊಟ್ಟೆ, ದೇಹದ ಕಾವಲು, ಮನಸ್ಸು. ಮೂರರ ಗುರುತೂ ಒಂದೇ ಊರಿನ ಜನರಲ್ಲಿ ಸಿಕ್ಕಿತು.

ನಮ್ಮ ಹೊಲದಲ್ಲಿ ಬೋರ್ ಕೈ ಕೊಟ್ಟರೆ ಏನಾಗುತ್ತದೆ, ನಿಮಗೆ ಗೊತ್ತು. ಮೋಟರ್ ರಿಪೇರಿಯವನು ಕರೆಂಟ್ ಸರಿಯಿಲ್ಲ ಅನ್ನುತ್ತಾನೆ. ಲೈನ್‌ಮನ್ ನಿಮ್ಮ ಮೋಟರೇ ಸುಟ್ಟಿದೆ ಅನ್ನುತ್ತಾನೆ. ಬೋರ್ ಕೊರೆದವನು ನೀರೇ ಇಳಿದಿದೆ ಅನ್ನುತ್ತಾನೆ. ಮೂವರ ಮಾತೂ ಅವರವರ ಮಟ್ಟಿಗೆ ಸುಳ್ಳಲ್ಲ. ಆದರೆ ಮೂವರೂ ಒಂದೇ ಹೊತ್ತಿಗೆ ಹೊಲದಲ್ಲಿ ನಿಂತು, ಸ್ಟಾರ್ಟರ್ ಒತ್ತಿ ನೋಡುವ ದಿನ ಬರುವುದಿಲ್ಲ. ಅಷ್ಟರಲ್ಲಿ ಬೆಳೆ ಒಣಗಿರುತ್ತದೆ.

ಹೊಟ್ಟೆಯ ವಿಜ್ಞಾನದಲ್ಲೂ ಬಹುಕಾಲ ಹೀಗೇ ಇತ್ತು. ಕರುಳಿನ ವೈದ್ಯರು ಕರುಳು ನೋಡಿದರು. ರೋಗನಿರೋಧಕ ಶಕ್ತಿ ಓದುವವರು ರಕ್ತದ ಕೋಶ ನೋಡಿದರು. ಮಿದುಳು, ಮನಸ್ಸು ಓದುವವರು ಕುತ್ತಿಗೆಯಿಂದ ಮೇಲೆ ನೋಡಿದರು. ಆದರೆ ದೇಹದೊಳಗೆ ಅಂಥ ಗೋಡೆ ಇಲ್ಲ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ದೇಹದ ಕಾವಲು ಕೋಶಗಳ ದೊಡ್ಡ ಪಾಲು ಇರುವುದೂ ಅಲ್ಲೇ. ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ವೇಗಸ್ ಎಂಬ ನರ ಇಳಿದಿದೆ. ಅದರೊಳಗಿನ ತಂತುಗಳಲ್ಲಿ ಹೆಚ್ಚಿನವು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು.

ಈ ಗೋಡೆಯನ್ನು ಮೊದಲು ಒಡೆದವರಲ್ಲಿ ಜಾನ್ ಬೀನೆನ್‌ಸ್ಟಾಕ್ ಒಬ್ಬರು. ಅವರೂ ಮೆಕ್‌ಮಾಸ್ಟರ್‌ನವರೇ, ಓದಿದ್ದು ರೋಗನಿರೋಧಕ ವಿಜ್ಞಾನ. ಮಾಸ್ಟ್ ಕೋಶ ಎಂಬ ಕಾವಲುಗಾರ ಕೋಶಗಳಿವೆ. ಕೆಲವರಿಗೆ ಏನೋ ತಿಂದರೆ ಮೈಯೆಲ್ಲ ಗಂಧೆ ಎದ್ದು ತುರಿಸುತ್ತದಲ್ಲ, ಅದರ ಹಿಂದೆ ಇರುವುದು ಇವೇ. ಜಂತುಹುಳ ಇದ್ದ ಇಲಿಗಳ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಕೋಶಗಳು ನರಗಳಿಗೆ ಮೈ ತಾಗಿಸಿಕೊಂಡೇ ಕೂತಿರುವುದು ಕಂಡಿತು. ಅವರ ತಂಡ ಅದನ್ನು 1987ರಲ್ಲಿ ಪ್ರಕಟಿಸಿತು. ಕಾವಲುಗಾರನೂ ಸುದ್ದಿಗಾರನೂ ಒಂದೇ ಕಟ್ಟೆಯ ಮೇಲೆ ಕೂತಿದ್ದಾರೆ ಅಂದರೆ ಮಾತಾಡದೆ ಇರುತ್ತಾರೆಯೇ? 2004ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಜಿಯೊವಾನ್ನಿ ಬಾರ್ಬರಾ ಅವರ ತಂಡ ಐಬಿಎಸ್ ಇದ್ದ ಮನುಷ್ಯರ ಕರುಳನ್ನೇ ನೋಡಿತು. ಮಾಸ್ಟ್ ಕೋಶಗಳು ನರಕ್ಕೆ ಹತ್ತಿರ ಇದ್ದಷ್ಟೂ ಹೊಟ್ಟೆನೋವು ಜೋರು.

ಕಾಲಿನ್ಸ್ ಅವರ ಗುಂಪಿನ ಪ್ರೆಮಿಸ್ಲ್ ಬೆರ್ಚಿಕ್ 2011ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಇಲಿಗಳಲ್ಲಿ ಪುಕ್ಕಲು ತಳಿ ಒಂದಿದೆ, ಧೈರ್ಯದ ತಳಿ ಒಂದಿದೆ. ಎತ್ತರದ ಪೀಠದ ಮೇಲೆ ಬಿಟ್ಟರೆ ಧೈರ್ಯದ್ದು ಬೇಗ ಇಳಿಯುತ್ತದೆ, ಪುಕ್ಕಲು ಅಲ್ಲೇ ಕೂರುತ್ತದೆ. ಹೊಟ್ಟೆಯಲ್ಲಿ ಒಂದೂ ಸೂಕ್ಷ್ಮಾಣು ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಎದುರು ತಳಿಯ ಕರುಳಿನ ಸೂಕ್ಷ್ಮಾಣು ಹಾಕಿದರು. ಪುಕ್ಕಲು ಧೈರ್ಯದ ಕಡೆ, ಧೈರ್ಯ ಪುಕ್ಕಲಿನ ಕಡೆ ವಾಲಿತು. 2017ರಲ್ಲಿ ಅದೇ ಕೂಟ ಮತ್ತೊಂದು ಹೆಜ್ಜೆ ಇಟ್ಟಿತು. ಭೇದಿ ಬಗೆಯ ಐಬಿಎಸ್ ಇದ್ದ ಮನುಷ್ಯರ ಮಲದ ಸೂಕ್ಷ್ಮಾಣುಗಳನ್ನು ಇಲಿಗೆ ಕೊಟ್ಟಿತು. ಇಲಿಯ ಕರುಳು ಅವಸರವಾಯಿತು, ಕರುಳಗೋಡೆ ಸಡಿಲವಾಯಿತು, ಕಾವಲು ಕೋಶಗಳು ಎಚ್ಚೆತ್ತವು. ಕೊಟ್ಟವರಿಗೆ ಆತಂಕ ಇದ್ದರೆ ಇಲಿಯೂ ಆತಂಕದಂತೆ ನಡೆದುಕೊಂಡಿತು.

ಇಷ್ಟು ಓದಿದ ದಿನ ನಮಗೆ ದೊಡ್ಡವ್ವನ ಎದೆ-ಹೊಟ್ಟೆಯ ಜಗಳ ನೆನಪಾಯಿತು. ಯಾವುದು ಮೊದಲು ಎಂದು ಅವಳಿಗೆ ತಿಳಿಯದ್ದು ಅವಳ ದಡ್ಡತನವಾಗಿರಲಿಲ್ಲ.

ಐರ್ಲೆಂಡಿನ ಕಾರ್ಕ್ ಪಟ್ಟಣದ ಕತೆಯೂ ಹೇಳಬೇಕು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಟೆಡ್ ಡೈನನ್ ಮನೋವೈದ್ಯರು, ಜಾನ್ ಕ್ರಯಾನ್ ಮಿದುಳಿನ ಮೇಲೆ ಔಷಧ ಹೇಗೆ ಕೆಲಸ ಮಾಡುತ್ತದೆಂದು ಓದಿದವರು. ಇವರಿಬ್ಬರೂ ಹ್ಯಾಮಿಲ್ಟನ್ನಿನ ಬೀನೆನ್‌ಸ್ಟಾಕ್ ಅವರ ಜೊತೆ ಸೇರಿದರು. ಒಂದು ಜಾತಿಯ ಲ್ಯಾಕ್ಟೋಬ್ಯಾಸಿಲಸ್ ತಿನ್ನಿಸಿದ ಇಲಿಗಳು ಒತ್ತಡದಲ್ಲೂ ಸಮಾಧಾನದಿಂದ ಇದ್ದವು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಆ ಗುಣ ಬರಲಿಲ್ಲ. ಅಂದರೆ ಸುದ್ದಿ ಹೋದದ್ದು ಆ ನರದ ದಾರಿಯಲ್ಲೇ. ಇದು 2011ರಲ್ಲಿ ಬಂತು, ಲೋಕವೆಲ್ಲ ಓದಿತು.

ಆದರೆ ಅದೇ ಕಾರ್ಕ್ ತಂಡ ಅದೇ ಸೂಕ್ಷ್ಮಾಣುವನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿತು. ಒತ್ತಡ ಕಡಿಮೆಯಾಗಲಿಲ್ಲ, ಏನೂ ಆಗಲಿಲ್ಲ. ಆಗಲಿಲ್ಲ ಎಂಬುದನ್ನೂ 2017ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಕೂಡಿ ಕೆಲಸ ಮಾಡುವುದರ ಒಂದು ಲಾಭ ಇದು ಅನ್ನಿಸಿತು. ಇಲಿ ನೋಡುವವರು ಒಬ್ಬರೇ ಇದ್ದಿದ್ದರೆ ಇಲಿಯ ಗೆಲುವಿನಲ್ಲೇ ಕತೆ ನಿಲ್ಲುತ್ತಿತ್ತು. ಪಕ್ಕದಲ್ಲಿ ರೋಗಿಗಳನ್ನು ನೋಡುವವರಿದ್ದರು, ಮನುಷ್ಯರಲ್ಲೂ ಕೊಟ್ಟು ನೋಡಿದರು.

ಫೋನಿನಲ್ಲಿ 'ಹೊಟ್ಟೆ ಶುದ್ಧಿ ಮಾಡಿ, ಚಿಂತೆ ಓಡಿಸಿ' ಎಂದು ಪುಡಿ ಮಾರುವವರ ಜಾಹೀರಾತು ಬಂದರೆ ಈ 29 ಮಂದಿಯನ್ನು ನೆನೆಸಿಕೊಳ್ಳಿ. ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತದೆಂದಿಲ್ಲ.

ಹುಗ್ಗಿ ಯಾಕೆ ಆಗುವುದಿಲ್ಲ ಎಂಬ ದೊಡ್ಡವ್ವನ ಪ್ರಶ್ನೆಗೂ ಒಂದು ಸುಳಿವು ಸಿಕ್ಕಿತು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಗೀ ಬೂಕ್‌ಸ್ಟಾನ್ಸ್ ಎಂಬ ಹೊಟ್ಟೆ ತಜ್ಞರ ತಂಡ 2021ರಲ್ಲಿ ಇದನ್ನು ತೋರಿಸಿತು. ಕರುಳಿನ ಸೋಂಕು ಇದ್ದ ದಿನಗಳಲ್ಲಿ ಇಲಿಗೆ ಮೊಟ್ಟೆಯ ಬಿಳಿಭಾಗದ ಒಂದು ಪ್ರೋಟೀನು ಕೊಟ್ಟರು. ಸೋಂಕು ಪೂರಾ ವಾಸಿಯಾದ ಮೇಲೆ ಅದನ್ನೇ ಕೊಟ್ಟರೆ ಈಗ ಹೊಟ್ಟೆನೋವು. ಕಳ್ಳ ಬಂದ ರಾತ್ರಿ ಪಕ್ಕದಲ್ಲಿದ್ದ ನೆಂಟನನ್ನೂ ಕಾವಲುಗಾರ ಕಳ್ಳನೆಂದೇ ನೆನಪಿಟ್ಟುಕೊಂಡ ಹಾಗೆ. ಮಾಸ್ಟ್ ಕೋಶಗಳು ಅಲ್ಲೇ ಕೆರಳುತ್ತವೆ, ಪಕ್ಕದ ನರ ನೋವಿನ ಸುದ್ದಿ ಮೇಲಕ್ಕೆ ಕಳಿಸುತ್ತದೆ. ಐಬಿಎಸ್ ಇದ್ದ 12 ಜನರ ಕರುಳಿನ ಗೋಡೆಗೆ ಗೋಧಿ, ಹಾಲು, ಸೋಯಾ ಮುಂತಾದವುಗಳ ರಸ ಚುಚ್ಚಿ ನೋಡಿದರು. ಹನ್ನೆರಡೂ ಮಂದಿಯಲ್ಲಿ ಯಾವುದಾದರೂ ಒಂದಕ್ಕೆ ಅಲ್ಲೇ ಊತ ಬಂತು. ಆರೋಗ್ಯವಂತ ಎಂಟು ಮಂದಿಯಲ್ಲಿ ಇಬ್ಬರಿಗಷ್ಟೇ. ಸಣ್ಣ ಗುಂಪು, ನಿಜ. ಇದನ್ನು ನಂಬಿ ಯಾರೂ ತಾವೇ ಊಟ ಬಿಡಬೇಡಿ. ಆದರೆ 'ಹುಗ್ಗಿ ಆಗೂದಿಲ್ಲ' ಎನ್ನುವ ಹೆಂಗಸು ನಖರಾ ಮಾಡುತ್ತಿದ್ದಾಳೆ ಎನ್ನುವುದನ್ನು ಬಿಡಬಹುದು.

ಇಷ್ಟೆಲ್ಲ ಓದಿದ ಮೇಲೆ ನಾವು ಕೇಳಿಕೊಂಡ ಪ್ರಶ್ನೆ: ಬೇರೆ ಬೇರೆ ವಿದ್ಯೆಯವರು ಕೂಡುವುದು ಹೇಗೆ? ದೊಡ್ಡ ಕಟ್ಟಡ ಕಟ್ಟಿ, ಬಾಗಿಲಿಗೆ ಹೊಸ ಬೋರ್ಡ್ ಹಾಕಿದರೆ ಆಗುತ್ತದೆಯೇ?

ಆಗುವುದು ಕಷ್ಟ. ಅವರ ಭಾಷೆಯೇ ಬೇರೆ. 'ಒತ್ತಡ' ಅಂದರೆ ಮನೋವೈದ್ಯರಿಗೆ ಸಾಲ, ಸಾವು, ಮನೆಯ ಜಗಳ. ಕೋಶ ನೋಡುವವರಿಗೆ ಅದೇ ಮಾತು ಬಿಸಿ, ವಿಷ, ಆಮ್ಲಜನಕದ ಕೊರತೆ. ಒಬ್ಬರು ಪ್ರಶ್ನೆ ಕೇಳಿ ಅಳೆಯುತ್ತಾರೆ, ಇನ್ನೊಬ್ಬರು ರಕ್ತ ತೆಗೆದು ಅಳೆಯುತ್ತಾರೆ. ಒಬ್ಬರ ಪ್ರಯೋಗ ಆರು ವಾರದ್ದು, ಇನ್ನೊಬ್ಬರದು ಎಂಟು ವರ್ಷದ್ದು. ಯಾರ ಹೆಸರು ಮೊದಲು ಬರಬೇಕೆಂಬ ಜಗಳ ಬೇರೆ.

ವಾಕರ್ಟನ್ನಿನಲ್ಲಿ ಅವರನ್ನು ಕೂಡಿಸಿದ್ದು ಒಂದು ಪಟ್ಟಿ. ಅದೇ ಜನ, ಅದೇ ಹೆಸರು, ವರ್ಷ ವರ್ಷ. ಕಿಡ್ನಿಯವರು ಬರೆದ ಪುಟದ ಪಕ್ಕ ಹೊಟ್ಟೆಯವರು ಬರೆದರು, ಅದರ ಪಕ್ಕ ಮನಸ್ಸಿನ ಪ್ರಶ್ನೆಯ ಉತ್ತರ, ಅದರ ಪಕ್ಕ ಜೀನು. ಒಬ್ಬ ಮನುಷ್ಯನ ಎಲ್ಲ ಸಂಗತಿ ಒಂದೇ ಕಡೆ ಇದ್ದುದರಿಂದ ಇದಕ್ಕೂ ಅದಕ್ಕೂ ನಂಟುಂಟೇ ಎಂದು ಕೇಳಲು ಆಯಿತು. ಇಷ್ಟಕ್ಕೆಲ್ಲ ಮೂಲ ಆ ಊರಿನ ಜನ. ಏಳು ಹೆಣ ಎತ್ತಿದ ಊರು, ನೀರಿನವರಿಂದ ಮೋಸಹೋದ ಊರು, ವರ್ಷಕ್ಕೊಮ್ಮೆ ಮತ್ತೆ ಹೋಗಿ ಕೂತು ತಮ್ಮ ಮಲ-ಮೂತ್ರದ ಪ್ರಶ್ನೆಗೆ ಉತ್ತರ ಕೊಟ್ಟಿತು. ಅವರು ಬೇಸತ್ತು ಬರುವುದನ್ನು ಬಿಟ್ಟಿದ್ದರೆ ಹೊಟ್ಟೆ ವೈದ್ಯರಿಗೂ ಜೀನಿನವರಿಗೂ ಕೂಡಲು ಜಾಗವೇ ಇರುತ್ತಿರಲಿಲ್ಲ.

ದೊಡ್ಡವ್ವನ ಬಟ್ಟೆ ಚೀಲ ಅಂಥ ಪಟ್ಟಿಯೇ. ಜೋಡಿಸಿಟ್ಟಿರಲಿಲ್ಲ ಅಷ್ಟೆ.

ನಾವು ಒಂದು ನೂರು ಪುಟದ ನೋಟ್‌ಬುಕ್ ತಂದೆವು. ಮೊದಲ ಪುಟದಲ್ಲಿ ವಾಂತಿ-ಭೇದಿ ಬಂದ ತಿಂಗಳು, ಎಷ್ಟು ದಿನ, ಜ್ವರ ಇತ್ತೇ, ರಕ್ತ ಬಿತ್ತೇ ಎಂದು ಅವಳ ಬಾಯಲ್ಲಿ ಕೇಳಿ ಬರೆದೆವು. ಆಮೇಲೆ ಚೀಟಿಗಳನ್ನು ತಾರೀಖಿನ ಪ್ರಕಾರ ಅಂಟಿಸಿದೆವು. ಎರಡು ವಾರ ಅವಳ ಸೊಸೆ ದಿನವೂ ನಾಲ್ಕು ಸಾಲು ಬರೆದಳು: ಏನು ಉಂಡಳು, ಎಷ್ಟು ಸಲ ಹೋದಳು, ನಿದ್ದೆ ಹೇಗೆ, ಹೆದರಿಕೆ ಯಾವಾಗ. ಅದನ್ನು ಹಿಡಿದು ತಾಲ್ಲೂಕಿನ ಒಬ್ಬ ವೈದ್ಯರ ಬಳಿ ಹೋದೆವು. ಬಸ್ಸಿನಲ್ಲಿ ಅಲ್ಲ, ಪರಿಚಯದ ಆಟೊದಲ್ಲಿ. ಎಲ್ಲಿ ಬೇಕಾದರೂ ನಿಲ್ಲಿಸುತ್ತೇನೆ ಎಂದು ಆಟೊದವನು ಮಾತು ಕೊಟ್ಟ ಮೇಲೆ.

ವೈದ್ಯರು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ತೂಕ ಇಳಿದಿದೆಯೇ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದೆಯೇ, ಮಲದಲ್ಲಿ ರಕ್ತ ಇದೆಯೇ, ಮೈಯಲ್ಲಿ ರಕ್ತ ಕಡಿಮೆ ಇದೆಯೇ ಎಂದು ಕೇಳಿದರು. ಇವು ಯಾವುದಾದರೂ ಇದ್ದರೆ ಬೇರೆ ಕಾಯಿಲೆ ಇರಬಹುದು, ತಡ ಮಾಡಬಾರದು. ಅವಳಿಗೆ ಇರಲಿಲ್ಲ. ಆಮೇಲೆ ಆ ಹಳೆಯ ಗುಳಿಗೆಯ ಪಟ್ಟಿ ಕೈಗೆತ್ತಿಕೊಂಡರು.

"ಯವ್ವಾ, ನಿಮ್ಮ ಹೊಟ್ಟಿ ಸುಳ್ಳು ಹೇಳಾಕತ್ತಿಲ್ಲ. ಆ ಜಡ್ಡು ಹೋತು, ಹೊಟ್ಟಿ ನರಕ್ಕ ಇನ್ನಾ ಅಂಜಿಕಿ ಹೋಗಿಲ್ಲ. ಈ ಗುಳಿಗಿ ದೊಡ್ಡ ಡೋಸಿನ್ಯಾಗ ಮನಸಿನ ಜಡ್ಡಿಗೆ ಕೊಡ್ತೀವಿ. ಸಣ್ಣ ಡೋಸಿನ್ಯಾಗ ಹೊಟ್ಟಿ ನರಕ್ಕ ಕೊಡ್ತೀವಿ. ನಿಮಗ ಬರದಿದ್ದು ಹೊಟ್ಟಿಗೆ."

ಅದು ಅಮಿಟ್ರಿಪ್ಟಿಲಿನ್ ಎಂಬ ಗುಳಿಗೆ. ಮನೆಗೆ ಬಂದು ನಾವು ಹುಡುಕಿದೆವು. ಇಂಗ್ಲೆಂಡಿನಲ್ಲಿ ಊರೂರಿನ ಸಾಮಾನ್ಯ ವೈದ್ಯರ 55 ಕ್ಲಿನಿಕ್‌ಗಳಲ್ಲಿ ಐಬಿಎಸ್ ಇದ್ದ 463 ಜನರಿಗೆ ಇದನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದ್ದರು. ಅರ್ಧ ಜನರಿಗೆ ನಿಜ ಗುಳಿಗೆ, ಅರ್ಧ ಜನರಿಗೆ ಔಷಧ ಇಲ್ಲದ ಗುಳಿಗೆ. ನಿಜ ಗುಳಿಗೆಯವರಿಗೆ ಹೆಚ್ಚು ಗುಣ ಕಂಡಿತು ಎಂದು 2023ರಲ್ಲಿ ಪ್ರಕಟವಾಯಿತು. ಬಾಯಿ ಒಣಗುವುದು, ಮಂಪರು, ಇವೂ ಇರುತ್ತವೆ. ಹೃದಯದ ತೊಂದರೆ ಇದ್ದವರಿಗೆ ಆಗಿಬರದೇ ಹೋಗಬಹುದು. ವೈದ್ಯರು ಬರೆದರಷ್ಟೇ ತೆಗೆದುಕೊಳ್ಳುವಂಥದ್ದು. ಹೆಸರು ಬರೆದದ್ದು ಅಂಗಡಿಗೆ ಹೋಗಿ ಕೇಳಲಿ ಎಂದಲ್ಲ. ನಿಮ್ಮ ಮನೆಯ ಯಾರಾದರೂ ಯಾರದೋ ಒಂದು ಮಾತಿಗೆ ಅದನ್ನು ಬಿಸಾಕಿದ್ದರೆ ಇನ್ನೊಮ್ಮೆ ಹೋಗಿ ವೈದ್ಯರನ್ನೇ ಕೇಳಲಿ ಎಂದು.

ದೊಡ್ಡವ್ವ ಪೂರಾ ಗುಣವಾದಳು ಎಂದು ಬರೆಯುವುದಿಲ್ಲ. ಒಮ್ಮೆ ಹಾಗೆ ಬರೆದು ಕೆಟ್ಟಿದ್ದೇವೆ. ನಿದ್ದೆ ಬರುತ್ತಿದೆ. ಒಳ್ಳೆಯ ವಾರಗಳು ಹೆಚ್ಚಾಗಿವೆ. ಹುಗ್ಗಿ ಇನ್ನೂ ದೂರ. ಹೋದ ತಿಂಗಳು ಸಂಘದ ಸಭೆಗೆ ಹೋಗಿ ಬಾಗಿಲ ಹತ್ತಿರ ಕೂತು ಬಂದಳಂತೆ. ಬಸ್ಸು ಇನ್ನೂ ಹತ್ತಿಲ್ಲ.

ನಾವು ಮಾತ್ರ ಬಸ್ಸು ಹತ್ತಿ ಮತ್ತೆ ಆ ಊರಿಗೆ ಹೋದೆವು, ಈ ಸಲ ಕ್ಯಾಮೆರಾ ಇಲ್ಲದೆ. ವರಾಂಡದಲ್ಲಿ ಮಲಗಿದ್ದವರ ಮನೆಗಳನ್ನು ನೆನಪಿನ ಮೇಲೆ ಹುಡುಕಿ, ಕೇಳಿದ್ದು ಒಂದೇ ಪ್ರಶ್ನೆ: "ಆವತ್ತಿನಿಂದ ಹೊಟ್ಟಿ ಹೆಂಗೈತಿ?" ನಾವು ವೈದ್ಯರಲ್ಲ, ನಮ್ಮದು ಅಧ್ಯಯನವೂ ಅಲ್ಲ, ಹಾಗಾಗಿ ಲೆಕ್ಕ ಹೇಳುವುದಿಲ್ಲ. ಕೆಲವರು ನಕ್ಕು ಚಹಾ ಕೊಟ್ಟು ಕಳಿಸಿದರು. ಒಬ್ಬ ಹುಡುಗ, ಈಗ ಪಿಯುಸಿ ಓದುವವನು, ಅವ್ವ ಒಳಗೆ ಹೋಗುವ ತನಕ ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳಿದ. ಪರೀಕ್ಷೆಯ ದಿನ ನೀರು ಸಹ ಕುಡಿಯದೆ ಹೋಗುತ್ತಾನಂತೆ. ಯಾರಿಗೂ ಹೇಳಿಲ್ಲವಂತೆ.

ಅವನಿಗೂ ಒಂದು ನೋಟ್‌ಬುಕ್ ಕೊಟ್ಟು ಬಂದೆವು. ಮೊದಲ ಪುಟದಲ್ಲಿ ಆ ಮಳೆಯ ತಿಂಗಳನ್ನು ನಾವೇ ಬರೆದಿದ್ದೇವೆ.